ಕೆಂಚಣ್ಣನ ಬಾಲ

ಚಿರತೆಗೇ ಶಿಸ್ತು ಕಲಿಸಿದವನು ತಾನೆಂದು ಜಂಬ ಕೊಚ್ಚಿಕೊಳ್ಳುವ ಮುದಿನಾಯಿ ಕೆಂಚನ ಬಾಲವನ್ನು ಮನೆಗೆ ಹೊಸದಾಗಿ ಬಂದ ನಾಯಿಮರಿ ಬೆಳಗಿನಿಂದ ಕಚ್ಚಿ ಕಚ್ಚಿ ಹಣ್ಣುಗಾಯಿ ಮಾಡಿತ್ತು. ಅವನು ಕಿರುಚಿ ಅಂಗಳವೆಲ್ಲ ಓಡಿದಷ್ಟೂ ಅದಕ್ಕೆ ಹುರುಪು.

“ಈ ಶನಿಯ ಕೈಲಿ ನನ್ನ ಬಾಲ ಉಳಿಯುವುದಿಲ್ಲ!”

“ನಿನ್ನ ಕುಣಿತವೇ ಅದಕ್ಕೆ ಆಟ, ಕೆಂಚಣ್ಣ,” ಎಂದಿತು ಕೋಳಿ. “ಕಚ್ಚಿದೊಡನೆ ಮಾತಿಲ್ಲದೆ ಎದ್ದು ಹೋಗು.”

ಮಾತಿಲ್ಲದೆ! ಅದಕ್ಕಿಂತ ಉಪವಾಸವೇ ಲೇಸೆನಿಸಿತು ಕೆಂಚನಿಗೆ. ಆದರೂ ಕಚ್ಚಿದಾಗಲೆಲ್ಲ ತುಟಿ ಬಿಚ್ಚದೆ ಎದ್ದು ಹೋದ. ಜೊತೆಯಿಲ್ಲದೆ ಬೇಸತ್ತ ಮರಿ ಸಂಜೆಗೆ ಮೆಲ್ಲನೆ ಬಂದು, “ಇನ್ನು ಕಚ್ಚಲ್ಲ ಮಾವ,” ಎಂದು ಪಕ್ಕದಲ್ಲಿ ಮಲಗಿತು.

“ನೋಡಿದೆಯಾ ಕೋಳಕ್ಕ! ಆ ಚಿರತೆಯೂ ಹೀಗೇ ಕಾಲಿಗೆ ಬಿದ್ದಿತ್ತು!” ಎಂದು ಕೆಂಚ ಅರಚುತ್ತ, ಬಾಲ ಬೀಸುತ್ತ ಅಂಗಳವೆಲ್ಲ ಕುಣಿದ.

ಆಟ ಮತ್ತೆ ಶುರುವಾಯಿತೆಂದು ಮರಿ ಗಬಕ್ಕನೆ ಬಾಲಕ್ಕೆ ಬಾಯಿ ಹಾಕಿತು.