ಹೊಕ್ಕುಳು ಕೂರಿಸಿದ ಅಜ್ಜಿ

ಶಿಷ್ಯ ಕೇಳಿದ: "ಗುರುಗಳೇ, ನನ್ನೊಳಗೆ ಒಂದು ಭಯ ಕುಳಿತಿದೆ. ಉಣ್ಣುವಾಗಲೂ ಇರುತ್ತದೆ, ಜಪಕ್ಕೆ ಕುಳಿತಾಗಲೂ ಇರುತ್ತದೆ. ಯಾತರ ಭಯವೆಂದು ನನಗೇ ತಿಳಿಯದು. ಅದನ್ನು ಸುಮ್ಮನಾಗಿಸುವ ದಾರಿ ಹೇಳಿಕೊಡಿ."

"ಎಲ್ಲಿ ಕುಳಿತಿದೆ, ತೋರಿಸು," ಎಂದರು ಗುರುಗಳು.

ಶಿಷ್ಯ ಹೊಕ್ಕುಳಿನ ಮೇಲೆ ಕೈಯಿಟ್ಟ.

ಗುರುಗಳು ಆ ಕೈಯನ್ನು ನೋಡಿದರು. ಆಮೇಲೆ ಹೇಳತೊಡಗಿದರು.

ನಿನ್ನ ಕೈಯ ಕೆಳಗೆ ಏನೇನಿದೆ ಬಲ್ಲೆಯಾ? ಬಲಕ್ಕೆ, ಪಕ್ಕೆಲುಬಿನ ಮರೆಯಲ್ಲಿ ಯಕೃತ್ತು. ಅದಕ್ಕೆ ಅಂಟಿಕೊಂಡು ಪಿತ್ತದ ಚೀಲ. ಎಡಕ್ಕೆ ಜಠರ, ಅದರ ಹಿಂದೆ ಗುಲ್ಮ. ಬೆನ್ನಿಗೆ ಒರಗಿಕೊಂಡು ಎರಡು ಮೂತ್ರಪಿಂಡ. ನಡುವೆ ಸುತ್ತಿ ಸುತ್ತಿ ಇಟ್ಟ ಕರುಳು. ಬಿಚ್ಚಿ ಅಳೆದರೆ ಹದಿನೈದು ಮೊಳಕ್ಕೂ ಹೆಚ್ಚು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ, ಬಲತೊಡೆಯ ಸಂದಿಗಿಂತ ತುಸು ಮೇಲೆ, ಕಿರುಬೆರಳಿನಂಥ ಒಂದು ಬಾಲವಿದೆ. ಇವೆಲ್ಲ ನಾವು ಹುಟ್ಟುವ ಮೊದಲಿನಿಂದಲೂ ಕತ್ತಲೆಯಲ್ಲಿವೆ. ನಮ್ಮನ್ನು ಏನೂ ಕೇಳುವುದಿಲ್ಲ, ನಮಗೆ ಏನೂ ಹೇಳುವುದಿಲ್ಲ. ಕರುಳಿಗೆ ನೋವಾದರೆ ತಾನಿರುವ ಜಾಗ ಹೇಳಲು ಅದಕ್ಕೆ ಬರುವುದಿಲ್ಲ. ದಾರಿ ತಪ್ಪಿದ ಮಗು ಸಂತೆಯ ನಡುವೆ ನಿಂತು ಅಳುವಂತೆ, ಮೊದಲು ಹೊಕ್ಕುಳಿನ ಸುತ್ತ ಬಂದು ಅಳುತ್ತದೆ. ಈಗ ಕತೆ ಕೇಳು.

ಒಂದು ನದಿಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನ ತಾಯಿ ಹೊಕ್ಕುಳು ಕೂರಿಸುವವಳು. ಭಾರ ಎತ್ತಿಯೋ ಎಡವಿಯೋ ಹೊಟ್ಟೆನೋವು ಬಂದವರೆಲ್ಲ ಅವಳ ಬಳಿಗೆ ಬರುತ್ತಿದ್ದರು. ಅವಳು ಹೊಕ್ಕುಳಿನಲ್ಲಿ ಹೆಬ್ಬೆರಳು ಊರಿ ಒಳಗಿನ ಮಿಡಿತವನ್ನು ಹುಡುಕುವಳು. ಮಿಡಿತ ನಡುವೆ ಸಿಗದೆ ಪಕ್ಕದಲ್ಲಿ ಸಿಕ್ಕರೆ, 'ಹೊಕ್ಕುಳು ಜಾರಿದೆ' ಎನ್ನುವಳು. ಎಣ್ಣೆ ಹಚ್ಚಿ ತಿಕ್ಕುವಳು. ಹೊಟ್ಟೆಯ ಮೇಲೆ ಪುಟ್ಟ ದೀಪವಿಟ್ಟು ಅದರ ಮೇಲೆ ಚೆಂಬನ್ನು ಬೋರಲು ಹಾಕುವಳು. ದೀಪ ಆರುವಾಗ ಚೆಂಬು ಚರ್ಮವನ್ನು ಕಚ್ಚಿ ಹಿಡಿಯುವುದು. ಎಷ್ಟೋ ಜನರಿಗೆ ಗುಣವಾಗಿತ್ತು. ನಲವತ್ತು ವರ್ಷಗಳಲ್ಲಿ ಅವಳ ಕೈ ಒಮ್ಮೆಯೂ ನಡುಗಿರಲಿಲ್ಲ.

ಸೊಸೆ ಬಯಲುಸೀಮೆಯವಳು. ಮದುವೆಯಾಗಿ ಬರುವವರೆಗೆ ನದಿಯನ್ನು ಕಂಡವಳಲ್ಲ. ಬಂದು ಹನ್ನೆರಡು ವರ್ಷವಾದರೂ ದೋಣಿ ಹತ್ತುವಾಗ ಕಣ್ಣು ಮುಚ್ಚುವಳು. ಮನೆಯವರಿಗೆ ಅದೊಂದು ತಮಾಷೆಯಾಗಿತ್ತು. ಅವಳಿಗೆ ಹತ್ತು ವರ್ಷದ ಒಬ್ಬಳೇ ಮಗಳು.

ಒಂದು ಬೆಳಿಗ್ಗೆ ಆ ಹುಡುಗಿ ಹೊಕ್ಕುಳಿನ ಸುತ್ತ ನೋವೆಂದಳು. ಕುಡಿದ ಗಂಜಿ ವಾಂತಿಯಾಯಿತು. ಬಿಸಿಲೇರುವ ಹೊತ್ತಿಗೆ ನೋವು ಸರಿದು ಬಲಗಡೆ ಕೆಳಗೆ ನಿಂತಿತು. ಹುಡುಗಿ ಬಲಗಾಲು ಮಡಚಿಕೊಂಡು ಮಲಗಿದಳು. ಯಾರು ಬಿಡಿಸಹೋದರೂ ಬಿಡಲಿಲ್ಲ.

ಆಚೆ ದಡದ ಊರಿನಲ್ಲಿ ಒಬ್ಬ ವೈದ್ಯನಿದ್ದ, ಹೊಟ್ಟೆಯನ್ನು ಕೊಯ್ದು ಹೊಲಿಯಬಲ್ಲವನು. 'ಅಲ್ಲಿಗೆ ಕರೆದುಕೊಂಡು ಹೋಗೋಣ,' ಎಂದಳು ಹುಡುಗಿಯ ತಾಯಿ. ಅಂಬಿಗ ಹೋಗಿ ದೋಣಿಯ ಹಗ್ಗ ಬಿಚ್ಚಿದ.

ಅಜ್ಜಿ ಮೊಮ್ಮಗಳ ಹೊಟ್ಟೆ ಮುಟ್ಟಿ ನೋಡಿದಳು. 'ಮೊನ್ನೆ ದೋಣಿಯಿಂದ ಹಾರಿದಾಗಲೇ ಅಂದುಕೊಂಡೆ. ಬೆಳಿಗ್ಗೆ ನಡುವೆ ಇತ್ತು, ಈಗ ಬಲಕ್ಕೆ ಇಳಿದಿದೆ. ಜಾರಿದೆ ಎನ್ನುವುದಕ್ಕೆ ಇನ್ನೇನು ಬೇಕು? ಊರ ಮಕ್ಕಳಿಗೆಲ್ಲ ಕೂರಿಸಿದ ಕೈ ಇದು. ನನ್ನ ಮನೆಯ ಕೂಸನ್ನು ಕೊಯ್ಯಲು ಕೊಡಲೇ?'

ಅಂಬಿಗ ಹಗ್ಗ ಹಿಡಿದುಕೊಂಡೇ ನಿಂತ.

ಅಜ್ಜಿ ಎಣ್ಣೆ ಹಚ್ಚಿದಳು. ಚೆಂಬು ಹಾಕಿದಳು, ಕಿತ್ತಳು. ಬಲಗಡೆಯಿಂದ ಹೊಕ್ಕುಳಿನ ಕಡೆಗೆ ಹೆಬ್ಬೆರಳನ್ನು ಒತ್ತಿ ಒತ್ತಿ ತಂದಳು. ಹುಡುಗಿ ಕಿರುಚಿದಳು. ತಾಯಿ ಕಿವಿ ಮುಚ್ಚಿಕೊಂಡಳು. ಕಿರುಚಾಟ ಒಮ್ಮೆಲೇ ನಿಂತಿತು.

'ಅಜ್ಜಿ, ನೋವು ಹೋಯಿತು,' ಎಂದಳು ಹುಡುಗಿ.

ಅಜ್ಜಿ ಸೆರಗಿನಿಂದ ಹಣೆ ಒರೆಸಿಕೊಂಡು ನಕ್ಕಳು. ಅಂಬಿಗ ದೋಣಿಯನ್ನು ಮತ್ತೆ ಗೂಟಕ್ಕೆ ಕಟ್ಟಿದ. ಹುಡುಗಿ ಎರಡು ತುತ್ತು ಅನ್ನ ಉಂಡಳು. ತಾಯಿಯೊಬ್ಬಳು ನಗಲಿಲ್ಲ.

'ಅತ್ತೆ, ನೋವು ಎಲ್ಲಿ ಹೋಯಿತು?'

'ಹೋಯಿತಲ್ಲ, ಇನ್ನೇನು? ಅದೇನು ನೆಂಟನೇ, ಯಾವ ಊರಿಗೆ ಹೋಗುತ್ತೇನೆಂದು ಹೇಳಿ ಹೋಗಲು?'

'ಅಷ್ಟು ಹೊತ್ತು ಇದ್ದದ್ದು ಒಂದೇ ಸಲಕ್ಕೆ ಹೇಗೆ ಹೋಯಿತು ಅತ್ತೆ? ನನಗೆ ಹೆದರಿಕೆಯಾಗುತ್ತದೆ.'

'ನಿನಗೆ ಯಾವುದಕ್ಕೆ ಹೆದರಿಕೆಯಿಲ್ಲ, ಅದನ್ನು ಹೇಳು. ಮೊಣಕಾಲು ನೀರು ಕಂಡರೂ ಮನೆದೇವರನ್ನು ಕೂಗುವವಳು!'

ಅಂಬಿಗನೂ ನಕ್ಕ. ಅವಳು ಮೂರನೆಯ ಸಲ ಕೇಳಿದಾಗ ಅವನು ಗದರಿದ: 'ಸುಮ್ಮನಿರು. ಮಗುವನ್ನು ಹೆದರಿಸಬೇಡ.' ಅವಳು ಸುಮ್ಮನಾದಳು.

ಹೊತ್ತು ಇಳಿಯಿತು. ಹುಡುಗಿ ಅಳಲಿಲ್ಲ, ಮಾತೂ ಆಡಲಿಲ್ಲ. ಎರಡೂ ಮೊಣಕಾಲು ಎಳೆದುಕೊಂಡು ಅಲುಗದೆ ಮಲಗಿದ್ದಳು. ಹೊದಿಸಿದ ಹಳೆಯ ಸೀರೆಯನ್ನು ಬೆರಳ ತುದಿಯಿಂದ ಸರಿಸಿದಳು. ಅದರ ಭಾರವನ್ನೂ ಅವಳಿಂದ ತಾಳಲಾಗಲಿಲ್ಲ. ತಾಯಿ ಮೆಲ್ಲನೆ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಉಸಿರು ಎದೆಯಲ್ಲಿ ಮಾತ್ರ ಆಡುತ್ತಿತ್ತು. ಹೊಟ್ಟೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಅವಳಿಗೆ ಒಳಗಿನ ಒಂದು ಅಂಗದ ಹೆಸರೂ ಗೊತ್ತಿರಲಿಲ್ಲ. ಆದರೂ ಒಳಗೆ ಏನೋ ಕೆಟ್ಟಿದೆಯೆಂದು ಆ ಅಂಗೈಗೆ ತಿಳಿಯಿತು. ಕೂಗಲು ಬಾಯಿ ತೆರೆದಳು. ಸುಮ್ಮನಿರು ಎಂದಿದ್ದರು. ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು.

ಸೂರ್ಯ ನೀರಿಗೆ ತಾಗುವಾಗ ಅವಳು ಯಾರನ್ನೂ ಕೇಳದೆ ಮಗಳನ್ನು ಎತ್ತಿಕೊಂಡು ದೋಣಿ ಹತ್ತಿದಳು. ಅಂದು ಕಣ್ಣು ಮುಚ್ಚಲಿಲ್ಲ. ಅವಳ ಮುಖ ನೋಡಿ ಅಂಬಿಗ ಓಡಿಬಂದು ಹುಟ್ಟು ಹಿಡಿದ. ಅಜ್ಜಿಯೂ ಹತ್ತಿದಳು.

ವೈದ್ಯ ಹೊಟ್ಟೆ ಮುಟ್ಟಿ ಕೇಳಿದ: 'ನೋವು ಯಾವಾಗ ನಿಂತಿತು?'

'ಮಧ್ಯಾಹ್ನ. ನಾನೇ ನಿಲ್ಲಿಸಿದೆ,' ಎಂದಳು ಅಜ್ಜಿ.

'ನಿಲ್ಲಲಿಲ್ಲ, ತಾಯಿ. ಅಳುತ್ತಿದ್ದದ್ದು ಒಡೆದುಹೋಯಿತು. ಕರುಳಿನ ಬಾಲದೊಳಗೆ ಕಟ್ಟಿಕೊಂಡಿದ್ದ ಕೀವು ಈಗ ಹೊಟ್ಟೆಯೆಲ್ಲ ಹರಿದಿದೆ.'

ಅವನು ಕೊಯ್ದ, ತೊಳೆದ, ಹೊಲಿದ. ಮೂರನೆಯ ದಿನ ಹುಡುಗಿ ತೀರಿಕೊಂಡಳು.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ಅಜ್ಜಿ ಸೊಸೆಯ ಎದುರು ಕುಳಿತಳು. 'ನೀನು ಕಿರುಚಿ ಹೇಳಬೇಕಿತ್ತು ಕಣೇ,' ಎಂದಳು.

ಗುರುಗಳು ಕತೆ ಮುಗಿಸಿದರು.

ಶಿಷ್ಯ ಹೇಳಿದ: "ತಪ್ಪು ಅಜ್ಜಿಯ ಕೈಯದು, ಗುರುಗಳೇ. ನಾನು ಕೇಳಿದ್ದು ನನ್ನ ಭಯದ ಮಾತು."

"ನಿನ್ನ ಭಯವನ್ನು ನಾಳೆಯೇ ಸುಮ್ಮನಾಗಿಸಬಲ್ಲೆ," ಎಂದರು ಗುರುಗಳು, "ಆಮೇಲೆ ಅದು ಎಲ್ಲಿ ಹೋಯಿತೆಂದು ಕೇಳುವವರು ಯಾರು?"