ಚುಕ್ಕಿಗೆ ಹಾಕಿದ ಬಂಗಡೆ ತಲೆ

ಹೊಳೆ ಸಮುದ್ರ ಸೇರುವ ಕಡೆ ಒಂದು ಮೀನುಪೇಟೆ. ಅಲ್ಲಿ ಮೀನು ಮಾರುವ ದುರ್ಗಮ್ಮ ಪೇಟೆಯ ಬೀಡಾಡಿ ಬೆಕ್ಕುಗಳಿಗೆಲ್ಲ ತಾಯಿ ಇದ್ದಂತೆ. ಸಂಜೆ ಬುಟ್ಟಿ ತೊಳೆಯುವ ಮೊದಲು ಬಂಗಡೆ ತಲೆಗಳನ್ನೆಲ್ಲ ಅವಕ್ಕೆ ಹಾಕುತ್ತಿದ್ದಳು. ಬೆಕ್ಕುಗಳು ಕಾಲು ಸುತ್ತುವುದನ್ನು ನಾಲ್ಕು ಜನ ನೋಡಿದರೆ ಅವಳಿಗೆ ಹಿಗ್ಗೋ ಹಿಗ್ಗು. ಸುಳ್ಳೇಕೆ ಹೇಳಲಿ, ಕರುಣೆಗಿಂತ ಆ ಹಿಗ್ಗೇ ಒಂದು ತೂಕ ಹೆಚ್ಚಿತ್ತು.

ಬೆಕ್ಕುಗಳು ವರ್ಷಕ್ಕೆರಡು ಸಲ ಮರಿ ಹಾಕಿ ಪೇಟೆ ತುಂಬಿಹೋಯಿತು. ಜನ ರೋಸಿಹೋದರು. ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಎಸೆದು ಬರೋಣ ಎಂದರು. ದುರ್ಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ನಿಂತಳು. ತಾನೇ ಹೋಗಿ ದನದ ಆಸ್ಪತ್ರೆಯ ಡಾಕ್ಟರು ಶಾಹೀನಾ ಅವರನ್ನು ಕರೆತಂದಳು.

"ಬೋನಿಟ್ಟು ಹಿಡಿಯೋಣ. ಮರಿ ಆಗದ ಹಾಗೆ ಆಪರೇಷನ್ ಮಾಡಿ, ಗುರುತಿಗೆ ಕಿವಿಯ ತುದಿ ಚೂರು ಕತ್ತರಿಸಿ, ಇಲ್ಲಿಗೇ ತಂದು ಬಿಡ್ತೀನಿ" ಎಂದರು ಡಾಕ್ಟರು. "ನಿಮ್ಮಿಂದ ಒಂದೇ ಉಪಕಾರ ಆಗಬೇಕು ದುರ್ಗಕ್ಕ. ಬೋನಿಡೋ ಹಿಂದಿನ ಸಂಜೆ ಏನೂ ಹಾಕಬೇಡಿ. ಹೊಟ್ಟೆ ತುಂಬಿದ ಬೆಕ್ಕು ಬೋನಿನ ಕಡೆ ತಿರುಗಿಯೂ ನೋಡಲ್ಲ."

"ಹಾಕಲ್ಲ ಡಾಕ್ಟ್ರಮ್ಮ, ನನ್ನಾಣೆ" ಎಂದಳು ದುರ್ಗಮ್ಮ.

ಆಣೆಯೇನೋ ಆಯಿತು. ಆ ಸಂಜೆ ಅವಳ ಮುದ್ದಿನ ಬೆಕ್ಕು ಚುಕ್ಕಿ ಬಂದು ಕಾಲಿಗೆ ಮೈ ಉಜ್ಜಿ ಕೂಗತೊಡಗಿತು. ಪಕ್ಕದ ಬುಟ್ಟಿಯ ಮಾದೇವಿ ನಕ್ಕಳು. "ಏನೇ ದುರ್ಗಿ, ಇವತ್ತು ನಿನ್ನ ಮಕ್ಕಳಿಗೆ ಉಪವಾಸವಾ?"

ಆ ಮಾತು ದುರ್ಗಮ್ಮನಿಗೆ ಚುಚ್ಚಿತು. ಒಂದು ಹೊತ್ತಿಗೆ ಏನಾಗುತ್ತೆ ಮಹಾ, ಎಂದುಕೊಂಡು, ಡಾಕ್ಟರು ಸುತ್ತ ಇಲ್ಲವೆಂದು ನೋಡಿಕೊಂಡು ಬುಟ್ಟಿಯನ್ನೇ ಸುರಿದುಬಿಟ್ಟಳು.

ಮರುದಿನ ಹನ್ನೆರಡು ಬೋನುಗಳಲ್ಲಿ ಸಿಕ್ಕಿದ್ದು ಎರಡೇ ಬೆಕ್ಕು. ಡಾಕ್ಟರ ಮುಖ ಬಾಡಿತು. "ನಾನು ಇಟ್ಟ ಮೀನು ಹಳಸಿತ್ತೇನೋ. ತಪ್ಪು ನಂದೇ, ದುರ್ಗಕ್ಕ. ಆಪರೇಷನ್ ವ್ಯಾನು ಮತ್ತೆ ಸಿಗೋದು ನಾಲ್ಕು ತಿಂಗಳಿಗೆ. ಬೇಜಾರು ಮಾಡ್ಕೋಬೇಡಿ."

ದುರ್ಗಮ್ಮ ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. ನೋಡಿ, ಕ್ಷಮಿಸುವವಳ ಹಾಗೆ!

ಎರಡೂವರೆ ತಿಂಗಳಿಗೆ ಚುಕ್ಕಿ ಐಸ್ ಪೆಟ್ಟಿಗೆಗಳ ಸಂದಿಯಲ್ಲಿ ಐದು ಮರಿ ಹಾಕಿತು. ಎರಡು ಮರಿ ಕಣ್ಣಲ್ಲಿ ಕೀವಾಗಿ ಸತ್ತವು. ಎರಡು ಲಾರಿಯ ಚಕ್ರಕ್ಕೆ ಸಿಕ್ಕವು. ಕೊನೆಯದು ದುರ್ಗಮ್ಮನ ಅಂಗೈಯಲ್ಲೇ ತಣ್ಣಗಾಯಿತು. ಚುಕ್ಕಿ ಎರಡು ದಿನ ಪೆಟ್ಟಿಗೆ ಪೆಟ್ಟಿಗೆಯ ಸಂದಿ ಮೂಸುತ್ತ, ಕೂಗುತ್ತ ತಿರುಗಿತು. ಆಮೇಲೆ ಬಂದು ಅವಳ ಕಾಲಿಗೇ ಮೈ ಉಜ್ಜಿತು. ದುರ್ಗಮ್ಮನಿಗೆ ಅದರ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಅನ್ನವೂ ಸೇರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ವ್ಯಾನು ಬಂತು. ಡಾಕ್ಟರು ಪೇಟೆಯವರನ್ನೆಲ್ಲ ಸೇರಿಸಿ, "ಹೋದ ಸಲ ನನ್ನಿಂದ ತಪ್ಪಾಯ್ತು. ಈ ಸಲ ತಾಜಾ ಮೀನೇ ತಂದಿದ್ದೀನಿ" ಎಂದರು.

"ತಪ್ಪು ಅವರದಲ್ಲ" ಎಂದಳು ದುರ್ಗಮ್ಮ. ಮಾದೇವಿಯೂ ಇದ್ದಳು, ಗೋಣಿಯ ಮಾತೆತ್ತಿದ್ದವರೂ ಇದ್ದರು. "ಆ ಸಂಜೆ ನಾನೇ ಕದ್ದು ಹಾಕಿದ್ದೆ. ಆಮೇಲೆ ಅವರು ತಪ್ಪು ಹೊತ್ತುಕೊಂಡಾಗ ಸುಮ್ಮನಿದ್ದೆ. ಆ ಐದು ಮರಿಗಳ ಸಾವು ನನ್ನ ತಲೆ ಮೇಲಿದೆ."

ಡಾಕ್ಟರು ಅವಳ ಕಡೆ ತಿರುಗಿದರು.

"ಇವತ್ತು ಹಾಕಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಬೆಳಿಗ್ಗೆ ಚುಕ್ಕಿಯ ಬೋನು ನೀವೇ ಇಡಿ."

ದುರ್ಗಮ್ಮ ಇಟ್ಟಳು. ಚುಕ್ಕಿ ಅವಳ ಕೈವಾಸನೆ ನಂಬಿ ನೇರ ಒಳಗೆ ನಡೆಯಿತು. ಬಾಗಿಲು ಬಿದ್ದಾಗ ಅದು ಅವಳನ್ನೇ ನೋಡಿ ಕಿರುಚಿತು. ಈ ಸಲ ಅವಳು ಮುಖ ತಿರುಗಿಸಲಿಲ್ಲ.

ಕೆಲವು ದಿನಗಳಲ್ಲಿ ಚುಕ್ಕಿ ಮೊಂಡು ಕಿವಿ ಹೊತ್ತು ಪೇಟೆಗೆ ಮರಳಿತು. ಆದರೆ ದೂರದಲ್ಲೇ ಕೂತಿತು, ಕಾಲಿನ ಹತ್ತಿರ ಸುಳಿಯಲಿಲ್ಲ. ದುರ್ಗಮ್ಮ ಕರೆಯಲೂ ಇಲ್ಲ. ಬಂಗಡೆ ತಲೆ ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

ನೀತಿ: ಒಳ್ಳೆಯವರು ಎನಿಸಿಕೊಳ್ಳಲು ತೋರುವ ದಯೆ ಕೊನೆಗೆ ದಯೆ ಪಡೆದವರನ್ನೇ ಸುಡುತ್ತದೆ. ಪ್ರೀತಿಸಿದ ಜೀವದ ಹಿತಕ್ಕಾಗಿ ಅದರ ಮುನಿಸನ್ನೂ ಹೊರಬೇಕು. ನಮ್ಮ ತಪ್ಪನ್ನು ಇನ್ನೊಬ್ಬರು ಹೊತ್ತಾಗ ಬಾಯಿ ಬಿಟ್ಟು ಹೇಳಬೇಕು.