ಗವಿಯಪ್ಪನ ಮೊಲ ಬಸುರೋ ಅಲ್ಲವೋ

ಎಲ್ಲ ಊರಿಗೂ ಒಬ್ಬ ಪೆದ್ದ ಇರ್ತಾನೆ. ನಮ್ಮೂರಿಗೂ ಒಬ್ಬ ಅವ್ನೆ, ಗವಿಯಪ್ಪ ಅಂತ. ನಗೋದಾದ್ರೆ ಈಗ್ಲೇ ನಕ್ಕುಬಿಡಿ. ಮಧ್ಯೆ ಮಧ್ಯೆ ಹಲ್ಲು ಕಿಸಿದ್ರೆ ನಾನು ಕತೆ ನಿಲ್ಲಿಸಿ ಎದ್ದು ಹೋಗೋಳೇ.

ಅವನವ್ವ ಹೊನ್ನಗಂಗಮ್ಮ, ಗಂಡನಿಲ್ಲದ ಹೆಂಗಸು. ಇದ್ದೊಬ್ಬ ಮಗ ಸೋಮಾರಿಯಲ್ಲ, ಸುಳ್ಳುಗಾರನಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ, ಅದೇ ಕಷ್ಟ. ಒಂದಿನ ಅಂಗಳದಲ್ಲಿ ರಾಗಿ ಹರಡಿ, ಇದು ಒಣಗೋ ತನಕ ಕದಲಬೇಡ ಅಂತ ಹೇಳಿ ಕೂಲಿಗೆ ಹೋದ್ಳು. ಮಳೆ ಹೊಯ್ದು ರಾಗಿಯೆಲ್ಲ ಕೊಚ್ಚಿಕೊಂಡು ಹೋಯ್ತು. ಬಂದು ನೋಡಿದ್ರೆ ಮಗ ನೆನೆದು ತೊಪ್ಪೆಯಾಗಿ ಅಲ್ಲೇ ಕೂತವ್ನೆ. ಇನ್ನೂ ಒಣಗಿಲ್ಲ ಕಣವ್ವ ಅಂದ.

ಇಂಥವನಿಗೆ ಹೆಣ್ಣು ಯಾರು ಕೊಡ್ತಾರೆ? ಹೊನ್ನಗಂಗಮ್ಮ ಕಾಣದ ಬಾಗಿಲಿಲ್ಲ. ಕೊನೆಗೆ ಕಲ್ಲುಪಾಳ್ಯದ ದ್ಯಾವೀರಮ್ಮನ ಮನೇಲಿ ಬಾಗಿಲು ಚೂರು ತೆರೀತು. ಅಪ್ಪ ಅವ್ವ ಇಲ್ಲದ ಮೊಮ್ಮಗಳು ಚಿಕ್ಕತಾಯೀನ ಆ ಮುದುಕಿಯೇ ಸಾಕಿದ್ಳು. ಹುಡುಗೀಗೆ ಗವಿಯಪ್ಪ ಹಿಡಿಸಿದ್ದ. ಮುದುಕಿ ಮಾತ್ರ ಗಟ್ಟಿ. ಮನೇಲಿ ಸಾಕಿದ್ದ ಹೆಣ್ಣು ಮೊಲ ಮುದ್ದೀನ ತಂದು ಗವಿಯಪ್ಪನ ಮಡಿಲಿಗೆ ಹಾಕಿದ್ಳು.

"ಇದು ಬಸುರೋ ಅಲ್ಲವೋ ಗೊತ್ತುಮಾಡ್ಕೊಂಡು ಬಂದು ಹೇಳಪ್ಪ. ಸರಿಯಾಗಿ ಹೇಳಿದ್ರೆ ಹುಡುಗಿ ನಿಂದು. ಬಸುರಿ ಮೊಲದ ಗುರುತು ಹಿಡಿಯದೋನು ಬಸುರಿ ಹೆಂಡ್ತೀನ ಏನು ನೋಡ್ಕೊಂಡಾನು?"

ಹೊನ್ನಗಂಗಮ್ಮನಿಗೆ ಜೀವ ಬಾಯಿಗೆ ಬಂದಂಗಾಯ್ತು. ಇದೊಂದು ತಪ್ಪಿದ್ರೆ ಮಗ ಜನ್ಮಪೂರ್ತಿ ಒಂಟಿ. ಮೊಲಾನ ಬೆನ್ನು ಸವರಿ ಚೆನ್ನಾಗಿ ನೋಡ್ಕೋ ಮಗ ಅಂತ ಹೇಳಿದ್ಳು.

ಸವರಿದ. ಬೆಳಗ್ಗೆ ಸವರಿದ, ಮಧ್ಯಾಹ್ನ ಸವರಿದ, ಎಡಗೈಲಿ ಉಣ್ತಾ ಬಲಗೈಲಿ ಸವರಿದ. ವಾರ ಕಳೀತು, ಇನ್ನೊಂದು ವಾರ ಕಳೀತು. ಮುದ್ದಿ ಸಿಡುಕೋಕೆ ಶುರುಮಾಡ್ತು. ಮೂಲೇಲಿ ಹುಲ್ಲು ಕೂಡಿಹಾಕ್ತು. ಎದೆ ಮೇಲಿನ ತುಪ್ಪಳ ತಾನೇ ಕಿತ್ತು ಕಿತ್ತು ಹುಲ್ಲಿನ ಮೇಲೆ ಹಾಸ್ತು. ಗವಿಯಪ್ಪ ಹೆದರಿಹೋದ. ಮೊಲಕ್ಕೆ ಕಜ್ಜಿ ಹತ್ತೈತೆ ಅಂತ ಬೇವಿನೆಣ್ಣೆ ಬಳಿದ. ಅವ್ವ ಓಡಿಬಂದು ತಲೆ ಚಚ್ಚಿಕೊಂಡ್ಳು. ಕೂದಲು ತೆಗೆದು ಹುಲ್ಲು ಕೂಡಿಹಾಕಿದ್ರೆ ಬಸುರಿ ಅಂತ ಅರ್ಥ ಕಣೋ, ಬಸುರೀನ ಕಂಡ್ರೆ ಬಯಕೆ ಏನು ಅಂತ ಕೇಳಿ ತೀರಿಸಬೇಕು ಕಣೋ ಅಂತ ಬೈದ್ಳು.

ಆಗಲಿ ಅಂದ. ಮಾರನೇ ದಿನ ಪಕ್ಕದ ಮನೆ ಹುಚ್ಚೀರಯ್ಯ ಹುಲ್ಲಿನ ಹೊರೆ ಹೊತ್ಕೊಂಡು ಬಂದ, ಮೆದೆ ಒಟ್ಟೋಕೆ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದ, ಬುರುಡೆ ನುಣ್ಣಗೆ ಹೊಳೀತಿತ್ತು. ಗವಿಯಪ್ಪ ನೋಡಿದ. ಕೂದಲು ತೆಗೆದವ್ನೆ, ಹುಲ್ಲು ಕೂಡಿಹಾಕ್ತಾವ್ನೆ. ಓಡಿಹೋಗಿ ಹೊರೆ ಇಳಿಸಿ, ಕೈಹಿಡಿದು ಜಗಲಿ ಮೇಲೆ ಕೂರಿಸಿದ. ಬಸುರಿ ಭಾರ ಹೊರಬಾರದು ಹುಚ್ಚೀರಣ್ಣ, ನಿಂಗೇನು ಬಯಕೆ, ಹುಣಸೆಕಾಯಿ ತರಲಾ, ಮಾವಿನಕಾಯಿ ತರಲಾ ಅಂತ ಬೀದಿಗೆಲ್ಲ ಕೇಳೋ ಹಂಗೆ ವಿಚಾರಿಸಿದ. ಹುಚ್ಚೀರಯ್ಯ ಬಾರುಕೋಲು ತಗೊಂಡ. ನೀವಾಗಿದ್ರೂ ತಗೋತಿದ್ರಿ ಬಿಡಿ.

"ನೀನೇ ಹೇಳಿದ್ದಲ್ಲವ್ವ" ಅಂತ ಬಾಸುಂಡೆ ಉಜ್ಜಿಕೊಂಡು ಬಂದ.

ಹೊನ್ನಗಂಗಮ್ಮ ಹಣೆ ಗಟ್ಟಿಸಿಕೊಂಡ್ಳು. ಬಸುರಿಗೆ ಮಾಡೋದನ್ನೆಲ್ಲ ಮೊಲಕ್ಕೆ ಮಾಡೋ, ಹುಚ್ಚೀರಯ್ಯನಿಗಲ್ಲ ಅಂದ್ಳು. ಹೇಳಿ ಕಳೆ ಕೀಳೋಕೆ ಹೋದ್ಳು. ಅಯ್ಯೋ, ಹೋಗಬಾರದಿತ್ತು. ಸಾಯಂಕಾಲ ಬರ್ತಾಳೆ, ಬಾಗಿಲಿಗೆ ಮಾವಿನ ತೋರಣ. ಒಳಗೆ ಊರ ಮುತ್ತೈದೇರೆಲ್ಲ ಸಾಲಾಗಿ ಕೂತು ಚಿಗಳಿ ತಂಬಿಟ್ಟು ಮೆಲ್ತಾವ್ರೆ. ಮಧ್ಯೆ ಮಣೆ ಮೇಲೆ ಮುದ್ದಿ. ಹಣೇಲಿ ಕುಂಕುಮ, ಮುಂದೆ ಮಡಿಲಕ್ಕಿ. ಕಾಲಿಗೆ ಬಳೆ ನಿಲ್ಲಲಿಲ್ಲ ಅಂತ ಎರಡು ಕಿವಿಗೂ ತೋಳು ತುಂಬ ತೊಡಿಸೋ ಹಂಗೆ ಹಸಿರು ಬಳೆ ತೊಡಿಸವ್ನೆ. ಹೆಂಗಸರು ಸೋಬಾನೆ ಹೇಳ್ತಾವ್ರೆ. ಮುದ್ದಿ ತಲೆ ಆಡಿಸಿದಾಗೆಲ್ಲ ಘಲ್ ಘಲ್ ಅಂತದೆ.

ಇಷ್ಟೆಲ್ಲ ಆದ್ರೂ ಗೂಡಲ್ಲಿ ಮರಿ ಇಲ್ಲ. ನಾಳೆ ಹಾಕ್ತದೆ, ನಾಡಿದ್ದು ಹಾಕ್ತದೆ ಅಂತ ಕಾದ್ರೂ ಇಲ್ಲ. ಹೊನ್ನಗಂಗಮ್ಮನಿಗೆ ದಿಗಿಲು ಹತ್ತಿಕೊಂಡು ಇಬ್ರೂ ಮೊಲಾನ ಬುಟ್ಟೀಲಿಟ್ಕೊಂಡು ದನದ ಡಾಕ್ಟರ ಹತ್ರ ಹೋದ್ರು. ಡಾಕ್ಟರು ಎಲ್ಲ ಕೇಳಿದ್ರು. ನಿಜವಾದ ಬಸುರಾಗಿದ್ರೆ ತುಪ್ಪಳ ಕಿತ್ತ ಬೆನ್ನಲ್ಲೇ ಮರಿ ಹಾಕಿರೋದು, ಇದು ಸುಳ್ಳು ಬಸುರು ಅಂದ್ರು. ಮೂರು ಹೊತ್ತೂ ಬೆನ್ನು ಸವರ್ತಾ ಇದ್ರೆ ಕೆಲವು ಹೆಣ್ಣು ಮೊಲಕ್ಕೆ ಗಂಡಿನ ಜೊತೆ ಕೂಡಿದಂಗೇ ಆಗ್ತದಂತೆ. ಹೊಟ್ಟೇಲಿ ಏನಿಲ್ಲದಿದ್ರೂ ಮೈಯೆಲ್ಲ ಬಸುರಿನ ಹಾದಿ ಹಿಡೀತದಂತೆ. ಗವಿಯಪ್ಪನ ಬೆರಳು ಹಿಡಿದು ಮೊಲದ ಹೊಟ್ಟೆ ಮೇಲೆ ಮೆಲ್ಲಗೆ ಆಡಿಸಿ ತೋರಿಸಿದ್ರು.

"ಸಿಡುಕು, ಹುಲ್ಲು, ದಪ್ಪ ಹೊಟ್ಟೆ ಯಾವುದನ್ನೂ ನಂಬಬೇಡ. ಹಗುರಾಗಿ ಒತ್ತಿ ನೋಡು. ಒಳಗೆ ಗುಂಡು ಗುಂಡಾಗಿ ಸಿಕ್ಕಿದ್ರೆ ನಿಜ, ಸಿಗದಿದ್ರೆ ಸುಳ್ಳು. ಕೈ ಹೇಳಿದ್ದನ್ನ ಯಾರಿಗೂ ಅಂಜದೆ ಹೇಳು."

ಗವಿಯಪ್ಪ ಒತ್ತಿದ. ಏನೂ ಇಲ್ಲ. ಅವ್ವನೂ ಮಗನೂ ಅಲ್ಲಿಂದ ಸೀದಾ ಕಲ್ಲುಪಾಳ್ಯಕ್ಕೆ ಹೋದ್ರು.

ದ್ಯಾವೀರಮ್ಮನ ಮುಂದೆ ನಿಂತು, ಇದು ಸುಳ್ಳು ಬಸುರು ಕಣಜ್ಜಿ, ಹೊಟ್ಟೇಲಿ ಒಂದು ಮರೀನೂ ಇಲ್ಲ ಅಂದ. ಮುದುಕಿ ಬೊಚ್ಚುಬಾಯಿ ತುಂಬ ನಕ್ಕಳು. ಸರಿಯಾಗಿ ಹೇಳ್ದೆ, ನಮ್ಮನೇಲಿ ಗಂಡು ಮೊಲಾನೇ ಇಲ್ಲ, ಬಸುರೆಲ್ಲಿಂದ ಬಂದಾತು ಅಂದ್ಳು. ಹೊನ್ನಗಂಗಮ್ಮನ ಕಣ್ಣಲ್ಲಿ ನೀರು ಬಂತು. ಗೆದ್ದುಬಿಟ್ಟಿದ್ದ ರೀ ಆ ಪೆದ್ದ! ಒಳಗಿಂದ ಚಿಕ್ಕತಾಯಿ ತಾಂಬೂಲದ ತಟ್ಟೆ ತಂದು ಇಟ್ಳು.

ಅಷ್ಟರಲ್ಲಿ ಹುಡುಗಿ ಸೋದರಮಾವ ಬೆಟ್ಟೇಗೌಡ ಊಟ ಮುಗಿಸಿ ಬಂದು ಕೂತ. ಬರೀ ಮೈ, ಗುಡಾಣದಂಥ ಹೊಟ್ಟೆ. ಕೂರೋವಾಗ ನರಳಿದ. ಸೆಕೆಗೆ ಸಿಡಿಸಿಡಿ ಅಂದ. ಗವಿಯಪ್ಪ ನೋಡಿದ. ಮೆಲ್ಲಗೆ ಎದ್ದುಹೋಗಿ ಗೌಡನ ಮುಂದೆ ಮಂಡಿಯೂರಿ ಕೂತ. ಕಾಲಿಗೆ ಬೀಳ್ತಾನೆ ಅಂತ ಎಲ್ಲರೂ ಅಂದ್ಕೊಂಡ್ರು. ಅವನು ಬೆರಳೂರಿ ಹೊಟ್ಟೇನ ಹಗುರಾಗಿ ಒತ್ತಿದ. ಎಡಕ್ಕೆ ಒತ್ತಿದ, ಬಲಕ್ಕೆ ಒತ್ತಿದ. ಗೌಡ ಆಗತಾನೆ ನಾಲ್ಕು ರಾಗಿಮುದ್ದೆ ನುಂಗಿ ಬಂದಿದ್ದ. ಮುದ್ದೇನ ನಾವು ಅಗೀತೀವಾ? ಇಡಿಯಾಗಿ ಇಳಿಸ್ತೀವಿ.

"ಅಜ್ಜಿ, ಇದು ಸುಳ್ಳಲ್ಲ. ಮಾವನ ಹೊಟ್ಟೇಲಿ ಗುಂಡು ಗುಂಡಾಗಿ ನಾಲ್ಕವೆ."

ಗೌಡ ಕೆಂಪಗಾಗಿ ಎದ್ದ. ಚಿಕ್ಕತಾಯಿ ಕಂಬ ಹಿಡ್ಕೊಂಡು ನಗೋಕೆ ಶುರುಮಾಡಿದ್ಳು, ನಗು ನಿಲ್ಲಲೇ ಇಲ್ಲ. ಮುದುಕಿ ಮಗನ್ನ ಗದರಿ ಕೂರಿಸಿದ್ಳು. ಇಕ್ಕಿದೋಳು ನಾನು, ಲೆಕ್ಕ ಸರಿಯಾಗೇ ಹೇಳವ್ನೆ, ನಂಗೆ ಈ ಅಳಿಯನೇ ಬೇಕು, ಬರೋ ಸೋಮವಾರವೇ ಲಗ್ನ ಅಂದುಬಿಟ್ಳು. ಹೊನ್ನಗಂಗಮ್ಮ ತಾಂಬೂಲಕ್ಕೆ ಕೈ ಚಾಚಿದ್ಳು.

ಗವಿಯಪ್ಪ ಅವ್ವನ ಕೈ ಹಿಡಿದು ತಡೆದ.

"ಹೆಣ್ಣನ್ನ ಎತ್ಕೊಂಡು ಹಸೆಗೆ ತರಬೇಕಾದೋರು ಸೋದರಮಾವ. ಈ ಸ್ಥಿತೀಲಿ ಹೆಂಗೆ ಎತ್ತುತಾರವ್ವ? ಮಾವನ ಬಾಣಂತನ ಮುಗೀಲಿ, ಆಮೇಲೆ ಮದುವೆ."

ಯಾರು ಹೇಳಿದ್ರೂ ಕೇಳಲಿಲ್ಲ. ದನದ ಡಾಕ್ಟರೇ ಬಂದು ಹೇಳಿದ್ರೂ ಕೇಳಲಿಲ್ಲ. ಹೊನ್ನಗಂಗಮ್ಮ ಅತ್ತು ಅತ್ತು ಸಾಕಾದ್ಳು. ಚಿಕ್ಕತಾಯಿ ಪಾಪ, ಇವತ್ತಿಗೂ ಕಾಯ್ತಾ ಅವಳೆ. ಗವಿಯಪ್ಪ ಮಾತ್ರ ದಿನಾ ಬೆಳಗ್ಗೆ ಕಲ್ಲುಪಾಳ್ಯಕ್ಕೆ ಹೋಗ್ತಾನೆ, ಗೌಡನ ಬಾಗಿಲಲ್ಲಿ ನಿಂತ್ಕೋತಾನೆ, ಮಾವಂಗೆ ನೋವು ಶುರುವಾಯ್ತಾ ಅಂತ ವಿಚಾರಿಸಿ ಬರ್ತಾನೆ.